ಕರಿಕಲ್ಲಿನ ಊರಿಗೆ ಬಂದ ಹಸಿರು ಹಲಗೆ

ಕೆಟ್ಟುಹೋದ ರಿಮೋಟನ್ನೋ ಹಳೆಯ ಮೊಬೈಲ್ ಫೋನನ್ನೋ ಕುತೂಹಲಕ್ಕೆಂದು ಬಿಚ್ಚಿ ನೋಡದ ಹುಡುಗರು ಯಾವ ಮನೆಯಲ್ಲಿಯೂ ಇರಲಾರರು. ಹಾಗೆ ಬಿಚ್ಚಿದಾಗ ಒಳಗೆ ಕಾಣುವುದು ಒಂದು ಹಸಿರು ಹಲಗೆ. ಅದರ ಮೈಮೇಲೆ ಎಳೆ ಎಳೆಯಾಗಿ ಹರಿದ ತಾಮ್ರದ ಗೆರೆಗಳು, ಗೆರೆಗಳ ನಡುನಡುವೆ ರಾಗಿಯ ಕಾಳಿಗಿಂತಲೂ ಸಣ್ಣವಾದ ಕರಿಯ, ಕಂದು ಬಣ್ಣದ ಚೂರುಗಳು. ಅಮ್ಮನ ಕಣ್ಣಿಗೆ ಬಿದ್ದರೆ ಅದು ಕಸದ ಬುಟ್ಟಿ ಸೇರುವುದೇ ವಾಡಿಕೆ. ಆದರೆ ನಮ್ಮ ಮನೆಯ ಕಸದ ಬುಟ್ಟಿಯನ್ನು ಸೇರುವ ಮೊದಲು ಆ ಹಲಗೆ ಐದಾರು ದೇಶಗಳನ್ನು ಕಂಡು ಬಂದಿರುತ್ತದೆ. ಅದರ ಗಾಜಿನ ಬಟ್ಟೆ ಒಂದು ದೇಶದ್ದು, ತಾಮ್ರದ ಹಾಳೆ ಮತ್ತೊಂದು ದೇಶದ್ದು, ಮೇಲಿನ ಚೂರುಗಳು ಹತ್ತು ಕಡೆಯವು, ಜೋಡಿಸಿದ ಕೈ ಇನ್ನೆಲ್ಲಿಯದೋ. ಈ ದೀರ್ಘವಾದ ದಾರಿಯಲ್ಲಿ ಈಚೆಗೆ ಹೊಸದೊಂದು ನಿಲ್ದಾಣ ಸೇರಿದೆ. ಅದು ನಮ್ಮ ಚಾಮರಾಜನಗರ.

ಚಾಮರಾಜನಗರವೇ ಎಂದು ಹುಬ್ಬೇರಿಸುವವರು ಉಂಟು. ಅರಿಕುಠಾರವೆಂಬ ಹಳೆಯ ಹೆಸರಿನ ಈ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನಿಟ್ಟು, ಮುಂದೆ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. 1926ರಲ್ಲಿ ರೈಲು ಬಂತು. ಬಂದ ರೈಲು ಮುಂದಕ್ಕೆ ಹೋಗಲಿಲ್ಲ. ಸತ್ಯಮಂಗಲದ ಕಡೆಗೆ ಹಳಿ ಹಾಕಬೇಕೆಂಬ ಮಾತು ತಲೆಮಾರುಗಳಿಂದ ನಡೆದಿದ್ದರೂ ಕಾಡು ಅಡ್ಡವಾಗಿದೆ. ಇಂದಿಗೂ ಹಳಿ ಚಾಮರಾಜನಗರದಲ್ಲಿಯೇ ಮುಗಿಯುತ್ತದೆ. ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ರೇಷ್ಮೆ, ಅರಿಸಿನ, ಕರಿಕಲ್ಲು, ಕಾಡು ಇವೇ ಈ ಸೀಮೆಯ ಹೆಸರುವಾಸಿ ಸಂಪತ್ತು. ಇವುಗಳ ಜೊತೆಗೆ ಇನ್ನೊಂದು ಅಪಖ್ಯಾತಿಯೂ ಇತ್ತು: ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿಯನ್ನು ಕಳೆದುಕೊಳ್ಳುತ್ತಾನೆಂಬ ಮೂಢನಂಬಿಕೆ. ಅದಕ್ಕೆ ಹೆದರಿ ಜಿಲ್ಲೆಯ ಹೊರಗೇ ನಿಂತು ಶಂಕುಸ್ಥಾಪನೆ, ಉದ್ಘಾಟನೆಗಳನ್ನು ಮುಗಿಸಿಕೊಂಡವರೂ ಉಂಟು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಇಲ್ಲಿಗೆ ಬಂದು, ಐದು ವರ್ಷಗಳ ಅವಧಿಯನ್ನೂ ಪೂರೈಸಿ, ಆ ನಂಬಿಕೆಯ ಬೆನ್ನು ಮುರಿದರು. ದೊರೆಗಳೇ ಬರಲು ಅಂಜುತ್ತಿದ್ದ ಊರಿಗೆ ಬಂಡವಾಳಗಾರರು ಬರುವುದು ತಡವಾದದ್ದರಲ್ಲಿ ಆಶ್ಚರ್ಯವೇನಿದೆ?

2022ರ ನವೆಂಬರ್ ತಿಂಗಳಲ್ಲಿ ಮೈಸೂರಿನ ಕೇನ್ಸ್ ಟೆಕ್ನಾಲಜಿ ಎಂಬ ಕಂಪನಿ ಸಾರ್ವಜನಿಕರಿಗೆ ಷೇರುಗಳನ್ನು ಮಾರಿತು. ಅಂಥ ಸಂದರ್ಭದಲ್ಲಿ ಹಣವನ್ನು ಯಾವುದಕ್ಕೆ ವಿನಿಯೋಗಿಸುತ್ತೇವೆಂಬುದನ್ನು ಕಂಪನಿಯವರು ಮುದ್ರಿಸಿ ತಿಳಿಸಬೇಕೆಂಬುದು ಕಾನೂನು. ಸಾಲ ತೀರಿಸುವುದಕ್ಕೆ ಇಷ್ಟು, ಮೈಸೂರು ಮತ್ತು ಹರಿಯಾಣದ ಮಾನೇಸರಗಳಲ್ಲಿನ ಕಾರ್ಖಾನೆಗಳ ವಿಸ್ತರಣೆಗೆ ಇಷ್ಟು ಎಂದು ಬರೆದ ಆ ಪಟ್ಟಿಯಲ್ಲಿ 149 ಕೋಟಿ 30 ಲಕ್ಷ ರೂಪಾಯಿಗಳ ಒಂದು ಬಾಬ್ತು ಚಾಮರಾಜನಗರದಲ್ಲಿ ಹೊಸ ಕಾರ್ಖಾನೆಯನ್ನು ಕಟ್ಟುವುದಕ್ಕೆಂದು ಇತ್ತು. ಮುಂಬಯಿಯ ಷೇರುಪೇಟೆಯ ಕಾಗದಪತ್ರಗಳಲ್ಲಿ ಅರಿಕುಠಾರಕ್ಕೆ ಇಂಥ ಸ್ಥಾನ ದೊರೆತದ್ದು ಸಣ್ಣ ಸಂಗತಿಯಲ್ಲ. ಈ ಕಂಪನಿಯನ್ನು 1988ರಲ್ಲಿ ಮೈಸೂರಿನಲ್ಲಿ ಆರಂಭಿಸಿದವರು ಅಲ್ಲಿಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್‌ನಲ್ಲಿ ಓದಿದ ರಮೇಶ್ ಕುಂಞಿಕಣ್ಣನ್. ಅನ್ಯರು ರೂಪಿಸಿದ ಯಂತ್ರಗಳಿಗೆ ಬೇಕಾದ ಹಲಗೆಗಳನ್ನು ಜೋಡಿಸಿಕೊಡುವುದೇ ಇವರ ಕಸುಬು. ವಾಹನ, ರೈಲು, ವೈದ್ಯಕೀಯ ಸಲಕರಣೆ, ಅಂತರಿಕ್ಷ ಹೀಗೆ ಹಲವು ಕ್ಷೇತ್ರಗಳಿಗೆ ಇವರ ಹಲಗೆಗಳು ಹೋಗುತ್ತವೆ. 2023ರಲ್ಲಿ ಚಂದ್ರನ ಮೇಲಿಳಿದ ಚಂದ್ರಯಾನ–3ಕ್ಕೂ ಕೆಲವು ಭಾಗಗಳು ಇಲ್ಲಿಂದ ಹೋಗಿದ್ದವು. ಇಷ್ಟಾದರೂ ಇವರ ಹೆಸರನ್ನು ಹೊತ್ತ ಒಂದು ರೇಡಿಯೋವಾಗಲಿ ಗಡಿಯಾರವಾಗಲಿ ಅಂಗಡಿಯಲ್ಲಿ ನಿಮಗೆ ಸಿಕ್ಕುವುದಿಲ್ಲ. ಅಡಿಗೆ ಮಾಡುವವರು ಒಬ್ಬರು, ಎಲೆಯ ಮುಂದೆ ನಿಂತು ಉಪಚಾರ ಹೇಳುವವರು ಇನ್ನೊಬ್ಬರು. ಇಂದಿನ ಎಲೆಕ್ಟ್ರಾನಿಕ್ಸ್ ಲೋಕದ ರೀತಿಯೇ ಹೀಗೆ.

ತವರ, ರಂಗೋಲಿ, ಬೆಸುಗೆ

ಹಲಗೆ ಎಂದರೆ ಏನು, ಜೋಡಿಸುವುದೆಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೈಸೂರಿನಿಂದ ದಕ್ಷಿಣಕ್ಕೆ ಹೊರಟವರಿಗೆ ಮೊದಲು ಸಿಕ್ಕುವುದು ನಂಜನಗೂಡು. ಅಲ್ಲಿಂದ ರಸ್ತೆ ಕವಲೊಡೆದು ಒಂದು ಗುಂಡ್ಲುಪೇಟೆಗೂ ಇನ್ನೊಂದು ಚಾಮರಾಜನಗರಕ್ಕೂ ಹೋಗುತ್ತದೆ. ಶ್ರೀಕಂಠೇಶ್ವರನ ಸನ್ನಿಧಿಗೂ ರಸಬಾಳೆಗೂ ಪ್ರಸಿದ್ಧವಾದ ಈ ಊರಿನಲ್ಲಿಯೇ ಈ ಕಥೆಯ ಮೊದಲ ಅಧ್ಯಾಯ ನಡೆದದ್ದು. ಇಂಡಾಲ್ ಕಂಪನಿಯವರು ಇಲ್ಲಿ ಹಲಗೆಗಳನ್ನು ತಯಾರಿಸುವ ಒಂದು ಕಾರ್ಖಾನೆಯನ್ನು ಹೂಡಿದ್ದರು. 1999ರಲ್ಲಿ ಆಸ್ಟ್ರಿಯಾ ದೇಶದ ಎಟಿ ಅಂಡ್ ಎಸ್ ಎಂಬ ಸಂಸ್ಥೆ ಅದನ್ನು ಕೊಂಡುಕೊಂಡಿತು. ಮುಂದೆ ಆಲ್ಪ್ಸ್ ಪರ್ವತಗಳ ಮಡಿಲಿನ ಲೆಯೋಬೆನ್, ಚೀನದ ಶಾಂಘೈ ಮತ್ತು ನಮ್ಮ ನಂಜನಗೂಡು ಒಂದೇ ಕುಟುಂಬದ ಅಣ್ಣತಮ್ಮಂದಿರಂತೆ ಆದುವು. ಮುದ್ರಿತ ಹಲಗೆಯ ಕಲ್ಪನೆಯನ್ನು 1930ರ ದಶಕದಲ್ಲಿ ಕೊಟ್ಟ ಪಾಲ್ ಐಸ್ಲರ್ ಎಂಬಾತನೂ ವಿಯೆನ್ನಾ ನಗರದಲ್ಲಿ ಹುಟ್ಟಿದವನೇ ಎಂಬುದು ಒಂದು ಸ್ವಾರಸ್ಯ.

ಗಾಜಿನ ನೂಲಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಗಟ್ಟಿ ಮಾಡಿದ ತಗಡಿನಂಥ ಹಲಗೆಗೆ ತಾಮ್ರದ ತೆಳು ಹಾಳೆಯನ್ನು ಹೊದಿಸಿರುತ್ತಾರೆ. ಬೇಕಾದ ಗೆರೆಗಳನ್ನು ಮಾತ್ರ ಉಳಿಸಿ ಮಿಕ್ಕ ತಾಮ್ರವನ್ನು ರಾಸಾಯನಿಕ ದ್ರವದಲ್ಲಿ ಕರಗಿಸಿಬಿಡುತ್ತಾರೆ. ಬಳಿಕ ಒಂದು ಪದರದಿಂದ ಮತ್ತೊಂದು ಪದರಕ್ಕೆ ವಿದ್ಯುತ್ತು ಇಳಿಯಲೆಂದು ಕೂದಲೆಳೆಗಿಂತ ತುಸು ದಪ್ಪನಾದ ರಂಧ್ರಗಳನ್ನು ಕೊರೆಯುತ್ತಾರೆ. ಕೊರೆಯುವ ಮೊಳೆ ನಿಮಿಷಕ್ಕೆ ಲಕ್ಷ ಸುತ್ತಿಗೂ ಮಿಗಿಲಾಗಿ ತಿರುಗುತ್ತದೆ. ಅಷ್ಟು ವೇಗದಲ್ಲಿ ಯಂತ್ರ ಎಳ್ಳಷ್ಟೂ ಅದುರಬಾರದಲ್ಲ! ಅದಕ್ಕಾಗಿ ಈ ಯಂತ್ರಗಳ ಅಡಿಪೀಠವನ್ನು ಕಬ್ಬಿಣದಲ್ಲಿ ಮಾಡದೆ ಗ್ರಾನೈಟ್ ಕಲ್ಲಿನಲ್ಲಿ ಮಾಡುವ ಪದ್ಧತಿಯುಂಟು. ಬಿಸಿಲಿಗೆ ಹೆಚ್ಚು ಹಿಗ್ಗದ, ಅದುರನ್ನು ತನ್ನಲ್ಲೇ ನುಂಗಿಕೊಳ್ಳುವ ನುಣ್ಣನೆಯ ಕಲ್ಲು ಈ ಕೆಲಸಕ್ಕೆ ಬಲು ಯೋಗ್ಯ. ಕೊನೆಗೆ ಹಲಗೆಗೆ ಹಸಿರು ಲೇಪನ. ಇಲ್ಲಿಗೆ ಹಲಗೆ ಸಿದ್ಧವಾಯಿತು. ಆದರೆ ಅದು ಇನ್ನೂ ಖಾಲಿ ಮನೆ. ಅದರಲ್ಲಿ ಸಂಸಾರ ಹೂಡಿಸುವುದು ಜೋಡಣೆಯ ಕಾರ್ಖಾನೆಯ ಕೆಲಸ.

ಈ ಕೆಲಸ ನಮ್ಮ ಹೆಂಗಸರಿಗೆ ಪರಿಚಿತವಾದ ಒಂದು ಕಲೆಯಿಂದ ಆರಂಭವಾಗುತ್ತದೆ. ತೂತು ಕೊರೆದ ರಂಗೋಲಿ ತಗಡನ್ನು ನೆಲದ ಮೇಲಿಟ್ಟು ಮೇಲೆ ಪುಡಿ ಸವರಿದರೆ ಕೆಳಗೆ ಚಿತ್ತಾರ ಬೀಳುವುದಿಲ್ಲವೇ? ಹಾಗೆಯೇ ಉಕ್ಕಿನ ತೆಳು ತಗಡೊಂದನ್ನು ಹಲಗೆಯ ಮೇಲೆ ಹೊಂದಿಸಿ, ಬೂದು ಬಣ್ಣದ ಒಂದು ಲೇಹ್ಯವನ್ನು ಅದರ ಮೇಲೆ ಎಳೆಯುತ್ತಾರೆ. ಲೇಹ್ಯ ಬೇಕಾದ ಚುಕ್ಕೆಗಳ ಮೇಲೆ ಮಾತ್ರ ಕೂರುತ್ತದೆ. ಅದರಲ್ಲಿರುವುದು ಬಹುಮಟ್ಟಿಗೆ ತವರ. ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವನು ಬೀದಿಯಲ್ಲಿ ತಿದಿಯೊತ್ತುತ್ತ ಕರಗಿಸುತ್ತಿದ್ದನಲ್ಲ, ಅದೇ ಲೋಹ. ಹಿಂದೆ ಅದರೊಡನೆ ಸೀಸ ಬೆರೆಸುತ್ತಿದ್ದರು. ಸೀಸ ವಿಷವೆಂದು ಯೂರೋಪಿನವರು 2006ರಿಂದ ಅದನ್ನು ಬಹುತೇಕ ನಿಷೇಧಿಸಿದ ಮೇಲೆ ನೂರಕ್ಕೆ ಮೂರರಷ್ಟು ಬೆಳ್ಳಿ, ಅರೆಪಾಲು ತಾಮ್ರ ಬೆರೆಸುವ ಪದ್ಧತಿ ಎಲ್ಲೆಡೆ ಹರಡಿತು. ಬ್ರಸೆಲ್ಸ್ ನಗರದಲ್ಲಿ ಒಂದು ಕಾನೂನು ಆದರೆ ಮೈಸೂರಿನ ಒಲೆಯ ಕಾವು ಬದಲಾಗುತ್ತದೆಂಬುದಕ್ಕೆ ಇದೊಂದು ನಿದರ್ಶನ. ಹಳೆಯ ಮಿಶ್ರಣ 183 ಡಿಗ್ರಿಗೆ ಕರಗುತ್ತಿತ್ತು. ಹೊಸದಕ್ಕೆ 217 ಡಿಗ್ರಿ ಬೇಕು.

ಮುಂದಿನದು ಯಂತ್ರದ ಚಮತ್ಕಾರ. ಸುರುಳಿ ಸುತ್ತಿದ ಪಟ್ಟಿಗಳಲ್ಲಿ ಸಾಲಾಗಿ ಕುಳಿತ ಚೂರುಗಳನ್ನು ಯಂತ್ರದ ಕೊಕ್ಕುಗಳು ಉಸಿರೆಳೆದು ಎತ್ತಿಕೊಂಡು, ಹಲಗೆಯ ಮೇಲೆ ತಮ್ಮ ತಮ್ಮ ಸ್ಥಾನದಲ್ಲಿ ಇಡುತ್ತವೆ. ಗಂಟೆಗೆ ಹತ್ತಾರು ಸಾವಿರ ಚೂರುಗಳು. ಚೂರುಗಳ ಗಾತ್ರವಾದರೂ ಎಷ್ಟು? ಒಂದು ಮಿಲಿಮೀಟರು ಉದ್ದ, ಅರ್ಧ ಮಿಲಿಮೀಟರು ಅಗಲದ್ದು ಸಾಮಾನ್ಯ. ಅದಕ್ಕಿಂತ ಸಣ್ಣವೂ ಹೇರಳ. ಬಳಿಕ ಹಲಗೆ ಒಂದು ಉದ್ದನೆಯ ಒಲೆಯ ಸುರಂಗದೊಳಗೆ ಮೆಲ್ಲನೆ ಸಾಗುತ್ತದೆ. ಮೊದಲು ಹದವಾದ ಕಾವು, ನಡುವೆ ಕೆಲವು ಕ್ಷಣ ತವರ ಕರಗುವ ಕಾವು, ಕೊನೆಗೆ ತಂಪು. ಕಾವು ಏರಿದರೆ ಚೂರು ಸುಡುತ್ತದೆ, ಇಳಿದರೆ ಬೆಸುಗೆ ಹಿಡಿಯುವುದಿಲ್ಲ. ಮೈಸೂರು ಪಾಕಿನ ಹದ ಬಲ್ಲವರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಯಂತ್ರವೇ ಮಾಡಿದರೆ ಮನುಷ್ಯನಿಗೆ ಏನು ಕೆಲಸ ಎಂದು ವಾಚಕರು ಕೇಳಬಹುದು. ಯಂತ್ರಕ್ಕೆ ಪಟ್ಟಿಗಳನ್ನು ಉಣಿಸಬೇಕು; ಯಂತ್ರದ ಕೊಕ್ಕಿಗೆ ಒಗ್ಗದ ದೊಡ್ಡ ಭಾಗಗಳನ್ನು ಕೈಯಿಂದಲೇ ಕೂರಿಸಿ ಬೆಸೆಯಬೇಕು; ಕ್ಯಾಮರಾ ತೋರಿಸಿದ ತಪ್ಪನ್ನು ಭೂತಗನ್ನಡಿಯಡಿ ಇಟ್ಟು ತಿದ್ದಬೇಕು; ಕೊನೆಗೆ ವಿದ್ಯುತ್ತು ಹಾಯಿಸಿ ಪರೀಕ್ಷಿಸಬೇಕು. ಅಲ್ಲಿ ಕುಳಿತವರ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ ಅದನ್ನು ಭೂಮಿಗೆ ಜೋಡಿಸಿರುತ್ತಾರೆ. ಕೈದಿಯ ಬೇಡಿಯಂತೆ ಕಂಡರೂ ಅದು ಹಲಗೆಯ ರಕ್ಷೆ. ಚಳಿಗಾಲದಲ್ಲಿ ಉಣ್ಣೆಯ ಅಂಗಿ ಕಳಚುವಾಗ ಚಟಪಟ ಸದ್ದು ಕೇಳುವುದಲ್ಲ, ಆ ಕಿಡಿ ನಮ್ಮ ಅನುಭವಕ್ಕೆ ಬರಬೇಕಾದರೆ ಸುಮಾರು 3,000 ವೋಲ್ಟು ಬೇಕು. ಸೂಕ್ಷ್ಮವಾದ ಚೂರುಗಳು 100 ವೋಲ್ಟಿಗೂ ಕಡಿಮೆಯಲ್ಲಿ ಸತ್ತುಹೋಗುತ್ತವೆ. ಮುಟ್ಟಿದವರಿಗೆ ತಿಳಿಯದೆಯೇ ಮುಟ್ಟಿದ್ದು ಸಾಯುವ ಲೋಕವದು.

ಒಂದೇ ಸೂರಿನಿಂದ ಹತ್ತು ದೇಶಗಳಿಗೆ

ಬೆಂಗಳೂರಿನಲ್ಲಿ 1948ರಲ್ಲಿ ದೂರವಾಣಿಯ ಕಾರ್ಖಾನೆ, 1954ರಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದಾಗ ಆ ಕಾಲದ ಆದರ್ಶವೇ ಬೇರೆಯಾಗಿತ್ತು. ತಿರುಪಿನಿಂದ ಹಿಡಿದು ಪೆಟ್ಟಿಗೆಯವರೆಗೆ ಎಲ್ಲವೂ ಒಂದೇ ಸೂರಿನಡಿ ಆಗಬೇಕು, ಪರದೇಶದವರ ಮುಖ ನೋಡಬಾರದು ಎಂಬುದು ಅಂದಿನ ಹಂಬಲ. ಅಷ್ಟರಲ್ಲಿ ಹೊರಗಿನ ಪ್ರಪಂಚ ಬೇರೆ ದಾರಿ ಹಿಡಿಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿ ಟ್ರಾನ್ಸಿಸ್ಟರುಗಳ ಜೋಡಣೆಯನ್ನು ಹಾಂಗ್‌ಕಾಂಗಿಗೆ ಒಯ್ದಿತು. 1966ರಲ್ಲಿ ತೈವಾನಿನ ಕಾವೊಶ್ಯುಂಗ್ ಬಂದರಿನಲ್ಲಿ ಸುಂಕವಿಲ್ಲದ ಒಂದು ವಲಯವೇ ಎದ್ದಿತು. 1972ರಲ್ಲಿ ಮಲೇಷ್ಯಾದ ಪೆನಾಂಗ್ ದ್ವೀಪದ ಭತ್ತದ ಗದ್ದೆಗಳ ನಡುವೆ ಇಂಟೆಲ್ ಕಂಪನಿ ಕಾರ್ಖಾನೆ ಹೂಡಿತು. 1980ರಲ್ಲಿ ಚೀನದ ಶೆಂಜೆನ್, 2009ರಲ್ಲಿ ವಿಯೆಟ್ನಾಮಿನ ಬಾಕ್ ನಿನ್. ಹೀಗೆ ಒಂದೊಂದಾಗಿ ಬಡ ದೇಶಗಳು ಈ ಸರಪಣಿಗೆ ಕೊಂಡಿಯಾದುವು. ಕೊಂಡಿ ಎಷ್ಟು ಬಿಗಿಯೆಂದರೆ, 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಕಾರ್ಖಾನೆಗಳು ಮುಳುಗಿದಾಗ ಪ್ರಪಂಚದಾದ್ಯಂತ ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಬೆಲೆ ಗಗನಕ್ಕೇರಿತು.

ನಾವೇನು ಹಿಂದೆ ಬಿದ್ದಿರಲಿಲ್ಲ. ಏಷ್ಯಾಖಂಡದಲ್ಲಿಯೇ ಮೊದಲನೆಯದೆನ್ನುವ ರಫ್ತು ವಲಯ 1965ರಲ್ಲಿ ಕಾಂಡ್ಲಾದಲ್ಲಿ ಆಯಿತು; 1973ರಲ್ಲಿ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಎಲೆಕ್ಟ್ರಾನಿಕ್ಸಿಗೆಂದೇ ಇನ್ನೊಂದು. ಆದರೆ ವಲಯದ ಬೇಲಿಯೊಳಗಿನ ಗಾಳಿ ಹೊರಗೆ ಬೀಸಲಿಲ್ಲ. ಮುಂದೆ 1997ರಲ್ಲಿ ಮಾಹಿತಿ ತಂತ್ರಜ್ಞಾನದ ವಸ್ತುಗಳ ಮೇಲಿನ ಸುಂಕವನ್ನು ಇಳಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರಿತು. 2005ರ ಹೊತ್ತಿಗೆ ಸುಂಕ ಸೊನ್ನೆಗಿಳಿಯಿತು. ಸಿದ್ಧ ವಸ್ತು ಅಗ್ಗವಾಗಿ ಬರುವಾಗ ಇಲ್ಲಿ ಮಾಡುವವರು ಯಾರು? ಸರ್ಕಾರ ಎಚ್ಚೆತ್ತು, 2020ರಲ್ಲಿ ಮೊಬೈಲ್ ಫೋನು ಮಾಡುವವರಿಗೆ ಉತ್ಪಾದನೆಯ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಡುವ ಯೋಜನೆಯನ್ನು ತಂದ ಮೇಲೆ ಗಾಳಿ ತಿರುಗಿತು. ಕೋಲಾರದ ನರಸಾಪುರ, ಈಚೆಗೆ ದೇವನಹಳ್ಳಿ ಇಂಥ ಊರುಗಳ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಕಾಣತೊಡಗಿತು. ಬೆಂಗಳೂರಿನ ಸುತ್ತ ಭೂಮಿಯ ಬೆಲೆ ಕೈಗೆಟುಕದಂತಾದಾಗ ಉದ್ಯಮಿಗಳ ಕಣ್ಣು ಮೈಸೂರಿಗೆ, ಮೈಸೂರಿನಿಂದ ಮುಂದಕ್ಕೆ ಹರಿದದ್ದು ಸಹಜವೇ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ದಾರಿಯ ಬದನಗುಪ್ಪೆ, ಕೆಲ್ಲಂಬಳ್ಳಿಗಳ ಹೊಲಗಳಲ್ಲಿ ಸಾವಿರಕ್ಕೂ ಹೆಚ್ಚು ಎಕರೆಯನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಲಿ ವಶಪಡಿಸಿಕೊಂಡು ರಸ್ತೆ, ದೀಪಗಳನ್ನು ಹಾಕಿತು. ಬಿರ್ಲಾ ಸಮೂಹದ ಬಣ್ಣದ ಕಾರ್ಖಾನೆಯೂ ಈಗ ಚಾಮರಾಜನಗರದಲ್ಲಿದೆ. ಜೋಳ, ಹತ್ತಿ ನಿಲ್ಲುತ್ತಿದ್ದ ಬಯಲಿನಲ್ಲಿ ಎತ್ತರದ ತಗಡಿನ ಸೂರುಗಳು ನಿಂತಿವೆ.

ಹಳೆಯ ಪಾಠಗಳು

ಪ್ರಪಂಚದ ವ್ಯಾಪಾರದ ಸರಪಣಿಗೆ ಈ ಸೀಮೆ ಕೊರಳೊಡ್ಡುತ್ತಿರುವುದು ಇದೇ ಮೊದಲ ಸಲವೆಂದು ಯಾರಾದರೂ ಭಾವಿಸಿದ್ದರೆ ಅದು ಸರಿಯಲ್ಲ. ಚಾಮರಾಜನಗರದ ಕರಿಕಲ್ಲನ್ನು ತೆಗೆದುಕೊಳ್ಳಿ. ವ್ಯಾಪಾರಿಗಳು ಅದನ್ನು ಗ್ರಾನೈಟ್ ಎನ್ನುತ್ತಾರೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಡಾಲರೈಟ್, ಅಂದರೆ ಪುರಾತನ ಬಿರುಕುಗಳಲ್ಲಿ ಉಕ್ಕಿಬಂದು ಹೆಪ್ಪುಗಟ್ಟಿದ ಕಲ್ಲು. ಮೆರುಗು ಕೊಟ್ಟರೆ ಕನ್ನಡಿಯಂತೆ ಮುಖ ಕಾಣಿಸುವ ಈ ಕಲ್ಲಿಗೆ ಹೊರದೇಶಗಳಲ್ಲಿ ಬಹಳ ಬೇಡಿಕೆ. ದಶಕಗಳಿಂದ ಇಲ್ಲಿಯ ಗಣಿಗಳಿಂದ ದಿಮ್ಮಿಗಳು ಲಾರಿಯೇರಿ ಬಂದರುಗಳ ದಾರಿ ಹಿಡಿದಿವೆ. ಆದರೆ ದಿಮ್ಮಿಗೆ ಸಿಗುವ ಬೆಲೆಗೂ ಅದನ್ನು ಕೊಯ್ದು, ನುಣುಪು ಮಾಡಿ, ಅಳತೆಗೆ ತಂದ ಮೇಲೆ ಸಿಗುವ ಬೆಲೆಗೂ ಎಷ್ಟು ಅಂತರ! ಕಲ್ಲು ಹೋದ ಕಡೆ ಸಂಪತ್ತು. ಕಲ್ಲು ಹುಟ್ಟಿದ ಕಡೆ ನೀರು ತುಂಬಿದ ಹಳ್ಳಗಳು.

ಗುಂಡ್ಲುಪೇಟೆಯವರ ಅನುಭವ ಇನ್ನೂ ಹತ್ತಿರದ್ದು. ಮುಂಗಾರು ಕಳೆಯುವ ಹೊತ್ತಿಗೆ ಆ ತಾಲ್ಲೂಕಿನ ಹೊಲಗಳೆಲ್ಲ ಚೆಂಡುಹೂವಿನಿಂದ ಕಿತ್ತಳೆಯ ಜಮಖಾನ ಹಾಸಿದಂತೆ ಕಾಣುತ್ತವೆ. ಓಣಂ ಹಬ್ಬದ ಸುಮಾರಿಗೆ ಕೇರಳದವರು ಕಾರು ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುವ ದೃಶ್ಯ ಸಾಮಾನ್ಯ. ಈ ಹೂವೆಲ್ಲ ದೇವರಿಗೂ ಅಲ್ಲ, ಮುಡಿಗೂ ಅಲ್ಲ. ಬಹುಪಾಲು ಕಾರ್ಖಾನೆಗೆ ಹೋಗಿ, ಒಣಗಿ, ಸಾರವಾಗಿ ಇಳಿದು, ಕೋಳಿಯ ಮೇವಿಗೂ ಕಣ್ಣಿನ ಆರೋಗ್ಯದ ಗುಳಿಗೆಗಳಿಗೂ ಬಣ್ಣದ ಸತ್ವವಾಗಿ ದೇಶಾಂತರ ಹೋಗುತ್ತದೆ. ಎಲ್ಲಿಯದೋ ಮೊಟ್ಟೆಯ ಹಳದಿ ಗಾಢವಾಗಲೆಂದು ಗುಂಡ್ಲುಪೇಟೆಯ ರೈತ ಹೂ ಬಿಡಿಸುತ್ತಾನೆ. ಬೀಜ ಕಂಪನಿಯದು, ಕಿಲೋಗೆ ಇಷ್ಟೆಂಬ ದರವೂ ಬಿತ್ತುವ ಮೊದಲೇ ಕಂಪನಿಯೇ ಹೇಳಿದ್ದು. ಮಾರುಕಟ್ಟೆಯಲ್ಲಿ ಟೊಮೇಟೋ ಬೆಲೆ ನೆಲ ಕಚ್ಚುವುದನ್ನು ಕಂಡ ರೈತನಿಗೆ ಗೊತ್ತಾದ ದರ ಒಂದು ನೆಮ್ಮದಿಯೇ ಸರಿ. ಆದರೆ ದರ ಕಟ್ಟುವ ಕೈ ತನ್ನದಲ್ಲವೆಂಬುದೂ ಅವನಿಗೆ ತಿಳಿದಿದೆ.

ಮೂರನೆಯ ಪಾಠ ಜಿಲ್ಲೆಯ ಅಂಚಿನಲ್ಲಿಯೇ ಹರಿಯುವ ಕಾವೇರಿಯದು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿದಾಗ ಸ್ವಿಟ್ಜರ್ಲೆಂಡಿನ ಚಕ್ರಗಳೂ ಅಮೆರಿಕದ ಜನಕಯಂತ್ರಗಳೂ ಅಲ್ಲಿ ಕೂಡಿದ್ದುವು. ಅಂದಿನ ಕಾಲಕ್ಕೆ ಅದೂ ಒಂದು ಜಾಗತಿಕ ಜಾಲವೇ. ಆ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ನಡೆದು ನೇರವಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಜಲಪಾತದ ಮೊರೆತವನ್ನು ದಿನವೂ ಕೇಳುತ್ತಿದ್ದ ಹಳ್ಳಿಗಳಲ್ಲಿ ಎಣ್ಣೆಯ ಸೊಡರೇ ಉರಿಯುತ್ತಿತ್ತು.

ಈ ಮೂರನ್ನೂ ನೆನೆದಾಗ ಹೊಸ ಕಾರ್ಖಾನೆಯ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ: ಹಲಗೆಯ ಬೆಲೆಯಲ್ಲಿ ಈ ಊರಿಗೆ ಉಳಿಯುವುದೆಷ್ಟು? 2010ರಲ್ಲಿ ಯುಕಿಂಗ್ ಶಿಂಗ್ ಮತ್ತು ನೀಲ್ ಡೆಟರ್ಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಆಗಿನ ಐಫೋನಿನ ಲೆಕ್ಕವನ್ನು ಬಿಡಿಸಿ ನೋಡಿದರು. ತಯಾರಿಕೆಯ ವೆಚ್ಚ ಸುಮಾರು 179 ಡಾಲರು. ಅದರಲ್ಲಿ ಚೀನದಲ್ಲಿ ನಡೆದ ಜೋಡಣೆಯ ಪಾಲು ಆರೂವರೆ ಡಾಲರು ಮಾತ್ರ! ಮಿಕ್ಕದ್ದೆಲ್ಲ ಭಾಗಗಳನ್ನು ಮಾಡಿಕೊಟ್ಟ ಜಪಾನ್, ಜರ್ಮನಿ, ಕೊರಿಯಾ, ಅಮೆರಿಕಗಳಿಗೆ. ಹಾಗೆಂದು ಆರೂವರೆ ಡಾಲರನ್ನು ಹಳಿಯುವುದು ವಿವೇಕವಲ್ಲ. ಅದೇ ಆರೂವರೆ ಡಾಲರಿನಿಂದ ಮೊದಲಾಗಿ ಚೀನದವರು ತಿರುಪು, ಕವಚ, ಪರದೆ, ಕ್ಯಾಮರಾ ಎಂದು ಒಂದೊಂದನ್ನೇ ಕಲಿತು ತಮ್ಮಲ್ಲಿಯೇ ಮಾಡತೊಡಗಿದರು. ಪೆನಾಂಗಿನಲ್ಲಿ ಜೋಡಣೆಯ ಸಾಲಿನಲ್ಲಿದ್ದ ಪೀಳಿಗೆಯ ನಂತರದವರು ಚಿಪ್ಪುಗಳ ವಿನ್ಯಾಸಕ್ಕೂ ಪರೀಕ್ಷಾಯಂತ್ರಗಳ ನಿರ್ಮಾಣಕ್ಕೂ ಕೈಹಾಕಿದರು. ಇದಕ್ಕೆ ವಿರುದ್ಧವಾಗಿ, ಕೂಲಿ ಏರಿತೆಂದು ಕಂಪನಿಗಳು ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೆ ಖಾಲಿ ಕೊಟ್ಟಿಗೆಗಳು ಮಾತ್ರ ಉಳಿದ ಊರುಗಳೂ ಲೋಕದಲ್ಲಿ ಇವೆ. ಚಾಮರಾಜನಗರ ಯಾವ ಸಾಲಿಗೆ ಸೇರುತ್ತದೆಂಬುದು ಕಟ್ಟಡದ ಎತ್ತರದಿಂದ ತೀರ್ಮಾನವಾಗುವ ವಿಷಯವಲ್ಲ.

ಯಾರ ಬೆರಳು, ಯಾರ ಕೌಶಲ?

ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಎಲ್ಲೆಡೆಯೂ ಹೆಣ್ಣುಮಕ್ಕಳೇ ಅಧಿಕ. ಹೆಂಗಸರ ಬೆರಳು ಸೂಕ್ಷ್ಮ, ಅವರ ತಾಳ್ಮೆ ಅಪಾರ ಎಂದು ಹಾಂಗ್‌ಕಾಂಗಿನ ಕಾಲದಿಂದಲೂ ಮಾಲೀಕರು ಹೊಗಳುತ್ತ ಬಂದಿದ್ದಾರೆ. ಈ ಹೊಗಳಿಕೆಯ ಒಳಗೊಂದು ಚಾತುರ್ಯವಿದೆಯೆಂಬುದು ನಮ್ಮ ಅಭಿಪ್ರಾಯ. ಸೂಕ್ಷ್ಮತೆ ಹುಟ್ಟುಗುಣವಾದರೆ ಅದಕ್ಕೆ ಬೇರೆ ಸಂಬಳ ಕೊಡಬೇಕಾಗಿಲ್ಲ. ಕಲಿತ ಕೌಶಲವೆಂದು ಒಪ್ಪಿದರೆ ಕೊಡಬೇಕಾಗುತ್ತದೆ! ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿ ತೆಗೆಯುವ ರೇಷ್ಮೆ ಬಿಚ್ಚಣಿಕೆಯ ಕೆಲಸವನ್ನು ತಲೆಮಾರುಗಳಿಂದ ಕಂಡ ಜಿಲ್ಲೆಯಿದು. ಆ ಬೆರಳುಗಳ ಹಿಂದೆ ಎಷ್ಟು ವರ್ಷಗಳ ಅಭ್ಯಾಸವಿತ್ತೆಂಬುದನ್ನು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಳ್ಳಿಯ ಮನೆಗಳಲ್ಲಿ ‘ಕಂಪನಿ ಕೆಲಸ’ ಎಂಬ ಮಾತಿಗೆ ಈಗ ಒಂದು ಗೌರವವಿದೆ. ಚಾಮರಾಜನಗರದ, ಗುಂಡ್ಲುಪೇಟೆಯ ಹುಡುಗ ಹುಡುಗಿಯರು ಬಹುಕಾಲದಿಂದ ನಂಜನಗೂಡು, ಮೈಸೂರುಗಳ ಕಾರ್ಖಾನೆಗಳಿಗೆ ಬಸ್ಸು, ರೈಲುಗಳಲ್ಲಿ ಹೋಗಿ ಬರುತ್ತಿದ್ದಾರೆ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ದಾರಿ ಹಿಡಿದವರೂ ಇದ್ದಾರೆ. ಕೆಲಸ ಊರ ಬಾಗಿಲಿಗೆ ಬಂದರೆ ರಾತ್ರಿ ಮನೆಯಲ್ಲಿ ಮಲಗಬಹುದೆಂಬುದೇ ತಾಯಿತಂದೆಗಳ ದೊಡ್ಡ ಸಮಾಧಾನ. ಆದರೆ ರಾತ್ರಿಯ ಮಾತೂ ಈಗ ಮೊದಲಿನಂತಿಲ್ಲ. 2023ರಲ್ಲಿ ಕರ್ನಾಟಕದ ಶಾಸನಸಭೆ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಗಳ ಮಿತಿಯೊಳಗೆ ದಿನಕ್ಕೆ 12 ಗಂಟೆಗಳವರೆಗಿನ ದುಡಿಮೆಗೂ, ವಾಹನ ಮತ್ತು ಭದ್ರತೆಯ ಷರತ್ತುಗಳೊಡನೆ ಹೆಂಗಸರ ರಾತ್ರಿಪಾಳಿಗೂ ಅವಕಾಶ ಮಾಡಿಕೊಟ್ಟಿತು. ಕಾಗದದಲ್ಲಿ ಬರೆದ ಷರತ್ತು ಕತ್ತಲಲ್ಲಿ ಹಳ್ಳಿಯ ಅಡ್ಡರಸ್ತೆಯ ತನಕ ಬಂದು ಹುಡುಗಿಯನ್ನು ಇಳಿಸುತ್ತದೆಯೇ ಎಂಬುದನ್ನು ನೋಡಬೇಕಾದವರು ಅಧಿಕಾರಿಗಳು ಮಾತ್ರವಲ್ಲ, ಊರಿನವರೂ ಹೌದು.

ನೋಡದಿದ್ದರೆ ಏನಾದೀತೆಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ. 2020ರ ಡಿಸೆಂಬರ್ 12ರಂದು ನರಸಾಪುರದಲ್ಲಿ, ಐಫೋನುಗಳನ್ನು ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ, ಸಂಬಳ ಸರಿಯಾಗಿ ಬರಲಿಲ್ಲವೆಂದು ಕೆರಳಿದ ಕಾರ್ಮಿಕರು ಗಾಜು, ಯಂತ್ರಗಳನ್ನು ಪುಡಿಮಾಡಿದರು. ಕೆಲವರಿಗೆ ಸರಿಯಾಗಿ ಸಂಬಳ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು; ಅದು ತಿದ್ದಿಕೊಳ್ಳುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಅಮೆರಿಕದ ಆಪಲ್ ಸಂಸ್ಥೆ ಹೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ವಶವಾಯಿತು. ಕಾರ್ಮಿಕರಲ್ಲಿ ಬಹುಪಾಲು ಜನ ಗುತ್ತಿಗೆಯವರಾಗಿದ್ದರು. ಯಜಮಾನ ಯಾರೆಂದು ತಿಳಿಯದ ಕಡೆ ಅಹವಾಲು ಹೇಳಿಕೊಳ್ಳುವುದಾದರೂ ಯಾರ ಬಳಿ?

ಭೂಮಿ ಕೊಟ್ಟವರ ಮಾತೂ ಇದೆ. ಬದನಗುಪ್ಪೆ, ಕೆಲ್ಲಂಬಳ್ಳಿಗಳ ಸುತ್ತಿನ ರೈತರಿಗೆ ಪರಿಹಾರದ ಹಣ ಬಂತು. ಹಣ ಮನೆಯಾಯಿತು, ಮದುವೆಯಾಯಿತು, ಮೋಟಾರು ಸೈಕಲ್ಲಾಯಿತು. ಮನೆಗೊಬ್ಬರಿಗೆ ಕೆಲಸವೆಂಬ ಬೇಡಿಕೆ ಮಾತ್ರ ಇನ್ನೂ ಜೀವಂತವಾಗಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನನ್ನು ಕಾವಲುಗಾರನನ್ನಾಗಿ ಮಾಡಿ ಬೇಡಿಕೆ ತೀರಿತೆನ್ನುವುದು ಸುಲಭ. ಅವನನ್ನು ಎರಡು ವರ್ಷ ಐಟಿಐಯಲ್ಲಿ ಓದಿಸಿ ಯಂತ್ರದ ಮುಂದೆ ಕೂರಿಸುವುದು ಕಷ್ಟ. ಆದರೆ ಅದೇ ನ್ಯಾಯ.

ಇನ್ನು ದಾರಿಯ ವಿಷಯ. ಗುಂಡ್ಲುಪೇಟೆಯಿಂದ ಮುಂದೆ ಕಲ್ಲಿಕೋಟೆಗೂ ಊಟಿಗೂ ಹೋಗುವ ಹೆದ್ದಾರಿಗಳು ಬಂಡೀಪುರದ ಕಾಡನ್ನು ಹಾದುಹೋಗುತ್ತವೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಕಾರ್ಖಾನೆಗಳ ಗಡಿಬಿಡಿಗೆ ಇದು ಒಗ್ಗುವುದಿಲ್ಲವೆಂದು ಗೊಣಗುವವರಿಗೆ ಕೊರತೆಯಿಲ್ಲ. ಆದರೆ ಚಾಮರಾಜನಗರದ ಹಲಗೆಗಳು ಕಾಡಿನ ದಾರಿಯನ್ನು ಹಿಡಿಯಬೇಕಾಗಿಯೇ ಇಲ್ಲ. ಅಂಗೈಯಗಲದ, ಹಗುರವಾದ, ದುಬಾರಿಯಾದ ಸರಕು ವಿಮಾನ ಹತ್ತುವಂಥದು. ಅದರ ದಾರಿ ಮೈಸೂರು, ಬೆಂಗಳೂರುಗಳ ಕಡೆಗೆ. ಹುಲಿ, ಆನೆಗಳನ್ನು ಗದರಿಸದೆ ಬೆಳೆಯಬಲ್ಲ ಕೈಗಾರಿಕೆ ಯಾವುದಾದರೂ ಇದ್ದರೆ ಇದೇ ಎನ್ನಬೇಕು. ನೀರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಜೋಡಣೆಗೆ ನೀರು ಹೆಚ್ಚು ಬೇಡ. ಹಲಗೆಯನ್ನೇ ತಯಾರಿಸುವ ಕೆಲಸಕ್ಕೆ ಹೇರಳವಾಗಿ ಬೇಕು, ಬಳಸಿದ ನೀರಿನಲ್ಲಿ ತಾಮ್ರವೂ ಆಮ್ಲವೂ ಉಳಿಯುತ್ತವೆ. ಮಳೆ ಕೈಕೊಡುವ ಈ ಜಿಲ್ಲೆಗೆ ಅಂಥ ಕಾರ್ಖಾನೆ ಬಂದರೆ ನೀರನ್ನು ಶುದ್ಧಿಮಾಡಿ ಮತ್ತೆ ಬಳಸುವ ಏರ್ಪಾಡು ಮೊದಲು, ಶಂಕುಸ್ಥಾಪನೆ ಆಮೇಲೆ ಎಂದು ಹಟ ಹಿಡಿಯಬೇಕಾಗುತ್ತದೆ.

ಸರಪಣಿಯ ಮಿಕ್ಕ ಕೊಂಡಿಗಳೂ ಈಗ ದೇಶದೊಳಗೆ ಬರತೊಡಗಿವೆ. ಗುಜರಾತಿನ ಸಾಣಂದದಲ್ಲಿ ಚಿಪ್ಪುಗಳನ್ನು ಕವಚದಲ್ಲಿರಿಸಿ ಪರೀಕ್ಷಿಸುವ 3,300 ಕೋಟಿ ರೂಪಾಯಿಗಳ ಕಾರ್ಖಾನೆಗೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು; ಅದನ್ನು ಹೂಡುವವರೂ ಕೇನ್ಸ್ ಸಮೂಹದವರೇ. 2025ರ ಮಾರ್ಚಿಯಲ್ಲಿ ಬಿಡಿಭಾಗಗಳ ತಯಾರಿಕೆಗೆಂದು 22,919 ಕೋಟಿ ರೂಪಾಯಿಗಳ ಯೋಜನೆ ಮಂಜೂರಾಯಿತು. ಚೂರುಗಳೂ ಹಲಗೆಗಳೂ ಇಲ್ಲಿಯೇ ಆದರೆ ಆರೂವರೆ ಡಾಲರಿನ ಲೆಕ್ಕ ಬದಲಾಗುತ್ತದೆ. ಆದರೂ ಹಲಗೆಯ ಮೇಲೆ ಯಾವ ಗೆರೆ ಎಲ್ಲಿ ಹರಿಯಬೇಕು, ಯಾವ ಚೂರು ಎಲ್ಲಿ ಕೂರಬೇಕು ಎಂದು ನಕ್ಷೆ ಬರೆಯುವವನ ಪಾಲೇ ಅತಿ ದೊಡ್ಡದು.

ಆ ನಕ್ಷೆ ಬರೆಯುವವರು ಎಲ್ಲಿಂದ ಬರಬೇಕು? ಚಾಮರಾಜನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು 2007ರಿಂದ ಇದೆ. ಅಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗವೂ ಇದೆ. ಸುತ್ತಣ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳು ನಾಲ್ಕು ವರ್ಷ ಓದಿ, ಪದವಿ ಪಡೆದು, ಬೆಂಗಳೂರಿನ ರೈಲು ಹತ್ತುವುದು ಇಲ್ಲಿಯವರೆಗಿನ ಪದ್ಧತಿ. ಹಲಗೆ ಜೋಡಿಸುವ ಒಲೆಗಳು ಈಗ ಅದೇ ಊರಿನ ಸೀಮೆಯಲ್ಲಿ ಉರಿಯುವಂತಾಗಿದೆ. ವಿದ್ಯಾರ್ಥಿಗಳಿಗೆ ಒಂದು ಪಾಳಿಯ ಮಟ್ಟಿಗಾದರೂ ಆ ಒಲೆಯ ಮುಂದೆ ನಿಲ್ಲಲು ಅವಕಾಶ ದೊರೆತರೆ, ಅಧ್ಯಾಪಕರು ಕಾರ್ಖಾನೆಯಿಂದ ತಿರಸ್ಕೃತವಾದ ಹಲಗೆಗಳನ್ನು ತರಗತಿಗೆ ತಂದು ತಪ್ಪು ಎಲ್ಲಿದೆಯೆಂದು ಹುಡುಕಿಸಿದರೆ, ಅದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಪ್ರಾಂಶುಪಾಲರ ಒಂದು ಪತ್ರ, ಕಾರ್ಖಾನೆಯ ವ್ಯವಸ್ಥಾಪಕರ ಒಂದು ಸಹಿ ಸಾಕು.